ತಮ್ಮ ಯರವಾಡ ಜೈಲಿನಲ್ಲಿದ್ದಾನೆ, ಹೊರಗಿರುವ ಅಕ್ಕ ಏನು ಮಾಡಬಹುದು?

ಪ್ರಶ್ನೆ: ನಾವು ಕಲಬುರಗಿ ಜಿಲ್ಲೆ ಅಫಜಲಪುರ ಕಡೆಯವರು. ಮದುವೆಯಾಗಿ ಹನ್ನೊಂದು ವರ್ಷದಿಂದ ಪುಣೆಯ ಹಡಪ್ಸರದಲ್ಲಿದ್ದೇನೆ. ನನ್ನ ತಮ್ಮ ಇಲ್ಲೇ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಒಂದು ರಾತ್ರಿ ಕುಡಿದು ಸೈಟಿನಲ್ಲಿ ಜಗಳವಾಗಿ ಒಬ್ಬರಿಗೆ ಜೀವಕ್ಕೆ ಕುತ್ತು ಬರುವ ಹಾಗೆ ಹೊಡೆದ. ಜಾಮೀನು ಸಿಗದೆ ಎರಡು ವರ್ಷ ಒಳಗೇ ಇದ್ದ. ಹೋದ ತಿಂಗಳು ಸೆಷನ್ಸ್ ಕೋರ್ಟು ಏಳು ವರ್ಷ ಶಿಕ್ಷೆ ಕೊಟ್ಟಿತು. ಯರವಾಡದಲ್ಲಿದ್ದಾನೆ. ಮುಲಾಖತ್‌ಗೆ ಹೋದರೆ 'ಇನ್ಮೇಲೆ ಬರಬೇಡ ಅಕ್ಕ' ಅನ್ನುತ್ತಾನೆ. ಊರಲ್ಲಿ ಅವ್ವನಿಗೆ ಅವನು ದುಬೈಗೆ ಹೋಗಿದ್ದಾನೆ ಅಂತ ಹೇಳಿದ್ದೇವೆ. ಅವನ ಹೆಂಡತಿ, ಐದು ವರ್ಷದ ಮಗಳು ನಮ್ಮ ಜೊತೆಗೇ ಇದ್ದಾರೆ. ಅವನಿಗೆ ದುಡ್ಡು ಕಳಿಸುವ ವಿಷಯಕ್ಕೆ ನಮ್ಮ ಮನೆಯಲ್ಲೂ ಜಗಳ. ಜೈಲಿನಲ್ಲಿ ಸುಧಾರಣೆ ಕಾರ್ಯಕ್ರಮಗಳು ಇರುತ್ತವಂತೆ. ಅವು ನಿಜವಾಗಿ ಕೆಲಸಕ್ಕೆ ಬರುತ್ತವಾ? ಅವನು ಮನುಷ್ಯನಾಗಿ ಹೊರಗೆ ಬರುತ್ತಾನಾ? ನಾನು ಏನು ಮಾಡಬೇಕು?

ಉತ್ತರ: ತಂಗಿ, ನಿಮ್ಮ ಪತ್ರ ಓದಿ ಮುಗಿಸಿದ ಮೇಲೂ ಆ ಒಂದು ಮಾತು ಕಿವಿಯಲ್ಲೇ ಉಳಿಯಿತು. 'ಇನ್ಮೇಲೆ ಬರಬೇಡ ಅಕ್ಕ.' ಪುಣೆ, ಮುಂಬೈ ಜೈಲುಗಳಲ್ಲಿರುವವರ ಮನೆಯವರ ಜೊತೆ ಕೆಲಸ ಮಾಡುತ್ತಾ ನನಗೆ ಇಪ್ಪತ್ತೆರಡು ವರ್ಷ ಆಯಿತು. ಈ ಮಾತನ್ನು ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೋರ್ಟಿನ ವಿಷಯ, ಯಾಕಂದರೆ ಅದಕ್ಕೆ ದಿನದ ಲೆಕ್ಕ ಇದೆ.

ಶಿಕ್ಷೆ ಆಗಿದ್ದು ಹೋದ ತಿಂಗಳು ಅಂತ ಬರೆದಿದ್ದೀರಿ. ಅಪೀಲು ಹಾಕಿದ ಬಗ್ಗೆ ಏನೂ ಬರೆದಿಲ್ಲ. ಸೆಷನ್ಸ್ ಕೋರ್ಟಿನ ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲು ಹಾಕಲು 60 ದಿನ ಇರುತ್ತದೆ. ತಡವಾದರೆ ಕಾರಣ ಹೇಳಿ ಮಾಫಿ ಕೇಳಬಹುದು, ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೂ ಸುಮ್ನೆ ಯಾಕೆ ತಡ ಮಾಡಬೇಕು? ಅಪೀಲಿನ ಜೊತೆಗೇ, ಅದು ತೀರ್ಮಾನವಾಗುವವರೆಗೆ ಶಿಕ್ಷೆ ತಡೆಹಿಡಿದು ಜಾಮೀನು ಕೊಡಿ ಅಂತಲೂ ಕೇಳಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಕೈಕಟ್ಟಿ ಕೂರಬೇಡಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಅವರ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿದೆ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಇದನ್ನು ಬರೆದೇ ಇಟ್ಟಿದ್ದಾರೆ. 15100 ಅದರ ಸಹಾಯವಾಣಿ. ಪುಣೆಯಲ್ಲಾದರೆ ಶಿವಾಜಿನಗರದ ಜಿಲ್ಲಾ ಕೋರ್ಟಿಗೆ ಹೋಗಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಲ್ಲಿ ಅಂತ ಕೇಳಿ. ತಮ್ಮನೂ ಜೈಲಿನ ಅಧಿಕಾರಿಗಳ ಮೂಲಕವೇ ಅಪೀಲು ಕಳಿಸಬಹುದು. ಅದಕ್ಕೆ ಜೈಲ್ ಅಪೀಲ್ ಅನ್ನುತ್ತಾರೆ.

ತೀರ್ಪಿನ ಪ್ರತಿ ಅವನ ಕೈಗೆ ಬಂದಿದೆಯಾ ಅಂತ ಮುಂದಿನ ಸಲ ಕೇಳಿ. ಅದನ್ನು ಪುಕ್ಕಟೆ ಕೊಡಬೇಕು. ಮಹಾರಾಷ್ಟ್ರದ್ದೇ ಒಂದು ಪ್ರಕರಣದಲ್ಲಿ, ಹೊಸ್ಕೋಟ್ ಪ್ರಕರಣ ಅಂತ, ಸುಪ್ರೀಂ ಕೋರ್ಟು 1978ರಲ್ಲಿ ಇದನ್ನು ಖಡಾಖಂಡಿತ ಹೇಳಿತು. ತೀರ್ಪಿನ ಪ್ರತಿ ಕೈದಿಗೆ ಬೇಗ ತಲುಪಬೇಕು, ಬಡವನಾದರೆ ಅಪೀಲಿಗೆ ವಕೀಲರನ್ನೂ ಕೊಡಬೇಕು ಅಂತ. ಜೈಲಿನಲ್ಲಿ ಸಿಗುವ ಹಕ್ಕುಗಳು ಕೇಳಿದವರಿಗೆ ಸಿಗುತ್ತವೆ, ಕೇಳದವರ ಕಾಗದ ಎಲ್ಲೋ ಕಪಾಟಿನಲ್ಲಿ ಉಳಿಯುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಸಮಾಧಾನದ ಮಾತು. ತೀರ್ಪಿಗೆ ಮುಂಚೆ ಒಳಗೆ ಕಳೆದ ಎರಡು ವರ್ಷ ಶಿಕ್ಷೆಯ ಲೆಕ್ಕದಲ್ಲಿ ಕಳೆಯುತ್ತದೆ. ಅಂದರೆ ಉಳಿದದ್ದು ಐದು. ಒಳ್ಳೆಯ ನಡತೆಗೆ, ಕೆಲಸಕ್ಕೆ ಸಿಗುವ ಮಾಫಿ, ಅಂದರೆ ಶಿಕ್ಷೆಯ ದಿನಗಳಲ್ಲಿ ಕಡಿತ, ಸೇರಿದರೆ ಇನ್ನೂ ಕಡಿಮೆ. ಈ ಲೆಕ್ಕವನ್ನು ಅವನ ಹೆಂಡತಿಗೂ ಹೇಳಿ. ಏಳು ವರ್ಷ ಅಂತ ಕೇಳಿದಾಗ ಆ ಹುಡುಗಿಯ ಎದೆ ಒಡೆದಿರುತ್ತದೆ.

ಇನ್ನು 'ಬರಬೇಡ' ಅನ್ನುವ ಮಾತು.

ನೀವು ಗಾಜಿನ ಈಚೆ, ಅವನು ಆಚೆ. ಕೈಯಲ್ಲಿ ಇಂಟರ್‌ಕಾಂ ಫೋನು. ಹಿಂದೆ ಮುಂದೆ ಹತ್ತು ಜನ ಜೋರಾಗಿ ಮಾತಾಡುತ್ತಿರುತ್ತಾರೆ. ಸಿಗುವುದು ಕೆಲವೇ ನಿಮಿಷ. ಅದಕ್ಕಾಗಿ ನೀವು ಅರ್ಧ ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದೀರಿ ಅಂತ ಅವನಿಗೆ ಗೊತ್ತು. ನಿಮ್ಮ ಮುಖದ ಸುಸ್ತು ಕಾಣುತ್ತದೆ. ಅದೆಲ್ಲ ತನ್ನಿಂದಲೇ ಆಗಿದ್ದು ಅನ್ನುವ ನೋವಿಗೆ ಅವನು ಆ ಮಾತು ಆಡುತ್ತಾನೆ. ಇನ್ನೂ ಒಂದು ಕಾರಣ ಇದೆ, ಅದನ್ನು ಕೈದಿಗಳೇ ನನಗೆ ಹೇಳಿದ್ದಾರೆ. ಮುಲಾಖತ್ ಮುಗಿಸಿ ಬ್ಯಾರಕ್ಕಿಗೆ ವಾಪಸು ನಡೆಯುವ ಹೊತ್ತು ಜೈಲಿನಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತು. ಮನೆಯವರನ್ನು ನೋಡಿದ ದಿನ ರಾತ್ರಿ ನಿದ್ದೆ ಬರುವುದಿಲ್ಲ. ನೋಡದೇ ಇದ್ದರೆ ದಿನ ಹೇಗೋ ಉರುಳುತ್ತದೆ. ಆದ್ದರಿಂದ 'ಬರಬೇಡ' ಅಂದರೆ 'ನೀನು ನನಗೆ ಬೇಡ' ಅಂತ ತಿಳಿಯಬೇಡಿ.

ಹಾಗಂತ ವಾರ ವಾರ ಓಡಬೇಕು ಅಂತಲೂ ನಾನು ಹೇಳುವುದಿಲ್ಲ. ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಕಲಿತದ್ದು ಒಂದಿದೆ. ಎಷ್ಟು ಸಲ ಹೋದಿರಿ ಅನ್ನುವುದಕ್ಕಿಂತ, ಬರ್ತೀನಿ ಅಂದ ದಿನ ಹೋದಿರಾ ಅನ್ನುವುದು ಮುಖ್ಯ. ಒಳಗಿರುವವರ ಬದುಕು ನಡೆಯುವುದೇ ತಾರೀಖಿನ ಮೇಲೆ. ಕೋರ್ಟಿನ ತಾರೀಖು, ಮುಲಾಖತ್ತಿನ ತಾರೀಖು, ಬಿಡುಗಡೆಯ ತಾರೀಖು. ಅವರ ಕೈಯಲ್ಲಿ ಇಲ್ಲದಿರುವುದೂ ಅದೇ. ಕೋರ್ಟಿನಲ್ಲಿ ಸಾಹೇಬರು ರಜೆ, ಬೆಂಗಾವಲಿಗೆ ಪೊಲೀಸರಿಲ್ಲ, ವಕೀಲರು ಬರಲಿಲ್ಲ, ಹೀಗೆ ಎಲ್ಲವೂ ಮುಂದಕ್ಕೆ ಹೋಗುತ್ತಿರುತ್ತದೆ. ಅಂಥ ಬದುಕಿನಲ್ಲಿ ಒಬ್ಬರಾದರೂ ಹೇಳಿದ ದಿನ, ಹೇಳಿದ ಹಾಗೆ ಬಂದರೆ ಅವನ ಕಾಲಿಗೆ ನೆಲ ಸಿಗುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಬ್ಬ ಹುಡುಗನಿಗೆ ಗುರುವಾರ ಬರುತ್ತೇನೆ ಅಂದಿದ್ದೆ. ಅವತ್ತು ಬೇರೆ ಕೆಲಸ ಬಂತು, ಹೋಗಲಿಲ್ಲ. ಮುಂದಿನ ವಾರ ಹೋದಾಗ ಅವನ ಪಕ್ಕದ ಬ್ಯಾರಕ್ಕಿನವನು ಹೇಳಿದ, ಗುರುವಾರ ಅವನು ಒಗೆದ ಅಂಗಿ ಹಾಕಿಕೊಂಡು ಸಂಜೆ ಬ್ಯಾರಕ್ಕಿಗೆ ಬೀಗ ಹಾಕುವವರೆಗೆ ಬಾಗಿಲ ಕಡೆಯೇ ನೋಡುತ್ತಾ ಕೂತಿದ್ದನಂತೆ. ಆ ಹುಡುಗನಿಗೆ ಮನೆಯಿಂದ ಯಾರೂ ಬರುತ್ತಿರಲಿಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ. ಅವತ್ತಿನಿಂದ, ಹೋಗಲು ಆಗುತ್ತದೆ ಅಂತ ಖಾತ್ರಿ ಇಲ್ಲದೆ ನಾನು ಯಾರಿಗೂ ದಿನ ಹೇಳಿಲ್ಲ.

ನೀವು ಮನೆಯಲ್ಲಿ ಕೂತು ಲೆಕ್ಕ ಹಾಕಿ. ಶಿಕ್ಷೆ ಆದವರಿಗೆ ವಿಚಾರಣಾಧೀನರಿಗಿಂತ ಮುಲಾಖತ್ ಕಡಿಮೆ. ಯಾವಾಗ, ಎಷ್ಟು ಅಂತ ಜೈಲಿನಲ್ಲೇ ಕೇಳಿಕೊಳ್ಳಿ. ನಿಮಗೆ ತಿಂಗಳಿಗೆ ಒಂದು ಸಲ ಸಾಧ್ಯ ಅಂದರೆ ಒಂದೇ ಸಲ. ಆದರೆ ಆ ದಿನ ತಪ್ಪಬಾರದು. ನಡುವೆ ವಿಡಿಯೋ ಮುಲಾಖತ್ ಇದೆ. ಕೇಂದ್ರ ಸರ್ಕಾರದ ಇ-ಪ್ರಿಸನ್ಸ್ ತಾಣದಲ್ಲಿ ಇ-ಮುಲಾಖತ್ ಅಂತ ಇರುತ್ತದೆ. ನಿಮ್ಮ ಹೆಸರು, ಗುರುತಿನ ಚೀಟಿಯ ನಂಬರು, ಯಾವ ಜೈಲು, ಯಾರನ್ನು ನೋಡಬೇಕು, ಯಾವ ದಿನ ಅಂತ ತುಂಬಿದರೆ ಅರ್ಜಿ ಜೈಲಿಗೆ ಹೋಗುತ್ತದೆ. ಒಪ್ಪಿದರೆ ಫೋನಿನಲ್ಲೇ ಮುಖ ನೋಡಿ ಮಾತಾಡಬಹುದು. ಊರಲ್ಲಿರುವ ವಯಸ್ಸಾದವರಿಗೆ ಇದು ದೊಡ್ಡ ಉಪಕಾರ. ನಿಮ್ಮ ಅವ್ವನಿಗೂ ಆಗುತ್ತದೆ, ಅದಕ್ಕೆ ಮುಂದೆ ಬರುತ್ತೇನೆ. ಒಳಗಿನಿಂದ ಮನೆಗೆ ಫೋನ್ ಮಾಡುವ ಸೌಲಭ್ಯವೂ ಇದೆ. ನಿಮ್ಮ ನಂಬರು ಅಲ್ಲಿ ನೋಂದಣಿ ಆಗಿದೆಯಾ ನೋಡಿಕೊಳ್ಳಿ, ಆಮೇಲೆ ಆ ನಂಬರನ್ನು ಬದಲಿಸಬೇಡಿ.

ಕಾಗದವನ್ನು ಮಾತ್ರ ಮರೆಯಬೇಡಿ. ಮುಲಾಖತ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಕಾಗದವನ್ನು ಅವನು ಇಪ್ಪತ್ತು ಸಲ ಓದುತ್ತಾನೆ. ಕಾಗದಗಳನ್ನು ಜೈಲಿನ ಸಿಬ್ಬಂದಿ ಓದಿ ನೋಡಿಯೇ ಕೊಡುತ್ತಾರೆ. ಕನ್ನಡದಲ್ಲಿದ್ದರೆ ಓದುವವರು ಸಿಗುವವರೆಗೆ ಒಂದೊಂದು ಸಲ ತಡವಾಗುತ್ತದೆ. ಆದರೂ ಕನ್ನಡದಲ್ಲೇ ಬರೆಯಿರಿ. ಅಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಅವನ ಕಿವಿಗೆ ಬೀಳುವುದೆಲ್ಲ ಮರಾಠಿ, ಹಿಂದಿ. ನಿಮ್ಮ ಕೈಬರಹದಲ್ಲಿ 'ತಮ್ಮಾ' ಅಂತ ಶುರುವಾಗುವ ಒಂದು ಹಾಳೆ ಅವನಿಗೆ ಊರೇ ಎದುರು ಬಂದ ಹಾಗೆ. ಕೇಸಿನ ವಿಷಯ, ಯಾರ ಮೇಲೋ ಸಿಟ್ಟಿನ ಮಾತು ಬರೆಯಬೇಡಿ. ಜೋಳ ಎಷ್ಟು ಚೀಲ ಆಯಿತು, ಮಗಳ ಹಲ್ಲು ಬಿತ್ತು, ಎಳ್ಳಮಾಸಿಗೆ ಯಾರು ಬಂದಿದ್ದರು, ಇಂಥವನ್ನು ಬರೆಯಿರಿ.

ಮುಲಾಖತ್ತಿನಲ್ಲೂ ಹಾಗೇ. ಕೆಲವರು ಹೋದ ಕೂಡಲೇ ಅಳುತ್ತಾರೆ. ಇನ್ನು ಕೆಲವರು ಬೈಯುತ್ತಾರೆ. ಎರಡೂ ಸಹಜ, ನಾನು ತಪ್ಪು ಹೇಳುವುದಿಲ್ಲ. ಆದರೆ ಇರುವುದು ಸ್ವಲ್ಪವೇ ಹೊತ್ತು. ಮನೆಯ ಕಷ್ಟವನ್ನೆಲ್ಲ ಅಲ್ಲಿ ಸುರಿದು ಬಂದರೆ ಅವನು ಅದನ್ನು ಹೊತ್ತುಕೊಂಡು ಬ್ಯಾರಕ್ಕಿಗೆ ಹೋಗುತ್ತಾನೆ, ಏನೂ ಮಾಡಲು ಆಗುವುದಿಲ್ಲ. ಎಲ್ಲ ಚೆನ್ನಾಗಿದೆ ಅಂತ ಸುಳ್ಳೂ ಹೇಳಬೇಡಿ, ಅವನಿಗೆ ಗೊತ್ತಾಗುತ್ತದೆ. ಅವನ ಅಭಿಪ್ರಾಯ ಬೇಕಾಗುವ ಒಂದು ಸಣ್ಣ ವಿಷಯ ಕೇಳಿ. ಮಗಳನ್ನು ಯಾವ ಶಾಲೆಗೆ ಸೇರಿಸೋಣ? ಊರಿನ ಮನೆಯ ಮಾಳಿಗೆ ಸೋರುತ್ತಿದೆ, ಹೇಗೆ ಸರಿ ಮಾಡಿಸೋಣ? ಸೆಂಟ್ರಿಂಗ್ ಮಾಡಿದವನಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಮನೆಗೆ ತಾನಿನ್ನೂ ಬೇಕು ಅಂತ ಅವನಿಗೆ ಹಾಗೆ ತಿಳಿಯುತ್ತದೆ.

ದುಡ್ಡಿನ ವಿಷಯ. ಕ್ಯಾಂಟೀನಿನಲ್ಲಿ ಸೋಪು, ಎಣ್ಣೆ, ಬಿಸ್ಕತ್ತು ಕೊಳ್ಳಲು ಅವನ ಖಾತೆಗೆ ಹಣ ಬೇಕು, ನಿಜ. ಆದರೆ ಅದಕ್ಕೆ ಮಿತಿ ಹಾಕಿ. ನಿಮ್ಮ ಯಜಮಾನರ ಜೊತೆ ಕೂತು, ತಿಂಗಳಿಗೆ ಇಷ್ಟೇ ಅಂತ ಒಂದು ಮೊತ್ತ ಇಬ್ಬರೂ ಒಪ್ಪಿ ತೀರ್ಮಾನಿಸಿ. ಅದು ಐನೂರೇ ಇರಲಿ. ಆ ಮೊತ್ತವನ್ನು ತಮ್ಮನಿಗೂ ಹೇಳಿಬಿಡಿ. ಒಳಗೆ ಯಾರ ಖಾತೆಗೆ ಜಾಸ್ತಿ ಬರುತ್ತದೋ ಅವರ ಮೇಲೆ ಬೇರೆಯವರ ಕಣ್ಣೂ ಬೀಳುತ್ತದೆ. ಒಂದು ವೇಳೆ ಅವನು ಇದ್ದಕ್ಕಿದ್ದ ಹಾಗೆ ಅರ್ಜೆಂಟಾಗಿ ಐದು ಸಾವಿರ ಬೇಕು ಅಂದರೆ, ಕಳಿಸುವ ಮುಂಚೆ 'ಯಾರಾದರೂ ಕೇಳುತ್ತಿದ್ದಾರಾ?' ಅಂತ ಮೆಲ್ಲಗೆ ಕೇಳಿ. ಹೌದು ಅಂದರೆ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ತಿಳಿಸಿ, ಅವರು ಜೈಲಿಗೆ ಭೇಟಿ ಕೊಡುತ್ತಾರೆ. ಗೇಟಿನ ಹೊರಗೆ 'ಒಳಗೆ ನಮ್ಮವರಿದ್ದಾರೆ, ಒಳ್ಳೆ ಕೆಲಸ ಕೊಡಿಸುತ್ತೇನೆ, ಫರ್ಲೋ (ಜೈಲಿನಿಂದ ರಜೆ) ಮಾಡಿಸುತ್ತೇನೆ' ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ತಾಳಿ ಅಡವಿಟ್ಟು ಕೊಟ್ಟವರನ್ನು ನೋಡಿದ್ದೇನೆ. ಏನೂ ಆಗಲಿಲ್ಲ.

ಈ ದುಡ್ಡಿನ ಭಾರ ಇಳಿಸಲು ಇಲ್ಲಿ ಎರಡು ದಾರಿ ಇವೆ, ಅನೇಕರಿಗೆ ಗೊತ್ತಿಲ್ಲ. ಒಂದು, 'ಜಿವ್ಹಾಳಾ' ಅನ್ನುವ ಸಾಲ. ಮರಾಠಿಯಲ್ಲಿ ಅದು ಅಕ್ಕರೆ ಅನ್ನುವ ಅರ್ಥದ ಮಾತು. ಮಹಾರಾಷ್ಟ್ರ ರಾಜ್ಯ ಸಹಕಾರಿ ಬ್ಯಾಂಕು 2022ರ ಮೇ ತಿಂಗಳಲ್ಲಿ ಯರವಾಡದಲ್ಲೇ ಇದನ್ನು ಮೊದಲು ಪ್ರಯೋಗವಾಗಿ ಶುರು ಮಾಡಿತು. ಮೂರು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಕೈದಿಗೆ, ಶುರುವಿನ ನಿಯಮದಂತೆ 50,000 ರೂಪಾಯಿವರೆಗೆ, 7 ಪರ್ಸೆಂಟ್ ಬಡ್ಡಿಗೆ. ಅಡವು ಬೇಡ, ಜಾಮೀನುದಾರರು ಬೇಡ. ಹಣ ಮನೆಗೆ, ತೀರಿಸುವುದು ಅವನು ಒಳಗೆ ದುಡಿದ ಕೂಲಿಯಿಂದ. ನನಗೆ ಇದರಲ್ಲಿ ಹಿಡಿಸಿದ್ದು ಸಾಲದ ಮೊತ್ತಕ್ಕಿಂತ ಅದರ ಹಿಂದಿನ ವಿಚಾರ. ಒಳಗಿದ್ದುಕೊಂಡೇ ಮಗಳ ಶಾಲೆಯ ಫೀ ಕಟ್ಟಿದೆ ಅನ್ನುವ ಗಂಡಸು ಬೇರೆ ಥರ ತಲೆ ಎತ್ತುತ್ತಾನೆ. ಜೈಲಿನ ಕಲ್ಯಾಣ ಅಧಿಕಾರಿಯನ್ನು ಕೇಳಲು ತಮ್ಮನಿಗೆ ಹೇಳಿ. ಎರಡನೆಯದು ಮಗುವಿಗೆ. ಮಹಾರಾಷ್ಟ್ರ ಸರ್ಕಾರದ ಬಾಲ ಸಂಗೋಪನ ಯೋಜನೆಯಲ್ಲಿ, ಅಪ್ಪ ಅಥವಾ ಅಮ್ಮ ಜೈಲಿನಲ್ಲಿರುವ ಮಕ್ಕಳಿಗೂ ತಿಂಗಳ ನೆರವು ಸಿಗುತ್ತದೆ. 2023ರಲ್ಲಿ ಅದನ್ನು 1,100ರಿಂದ 2,250 ರೂಪಾಯಿಗೆ ಏರಿಸಿದರು. ಜಿಲ್ಲಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಕಚೇರಿಯಲ್ಲಿ ಅರ್ಜಿ. ನಾಚಿಕೆ ಪಡಬೇಡಿ. ಅದು ಆ ಮಗುವಿನ ಹಕ್ಕು.

ಸುಧಾರಣೆ ಕಾರ್ಯಕ್ರಮ ಕೆಲಸಕ್ಕೆ ಬರುತ್ತವಾ ಅಂತ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ. ಯರವಾಡ 1871ರಲ್ಲಿ ಕಟ್ಟಿದ ಜೈಲು. ಗಾಂಧೀಜಿ ಇಲ್ಲೇ ನೂಲುತ್ತಾ ಕೂತಿದ್ದು, 1932ರ ಪುಣೆ ಒಪ್ಪಂದ ಆಗಿದ್ದೂ ಇಲ್ಲೇ, ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಇವತ್ತು ಅದರ ಸಾಮರ್ಥ್ಯ ಸುಮಾರು ಎರಡೂವರೆ ಸಾವಿರ. ಅದರ ದುಪ್ಪಟ್ಟಿಗೂ ಜಾಸ್ತಿ ಜನರನ್ನು ಒಳಗೆ ಇಟ್ಟದ್ದಿದೆ. ಇಷ್ಟು ಜನರಿಗೆ ಸಾಕಾಗುವಷ್ಟು ಕೆಲಸ, ಕ್ಲಾಸು, ಕೌನ್ಸೆಲಿಂಗ್ ಇರಲು ಸಾಧ್ಯವೇ ಇಲ್ಲ. ಇರುವುದು ಮಾತ್ರ ನಿಜವಾಗಿ ಒಳ್ಳೆಯದಿದೆ. ಮರಗೆಲಸ, ಹೊಲಿಗೆ, ನೇಯ್ಗೆ ಇದೆ. ಓದಲು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ ಎರಡೂ ಮಹಾರಾಷ್ಟ್ರದ ಜೈಲುಗಳಲ್ಲಿ ಕೇಂದ್ರ ನಡೆಸುತ್ತವೆ. ಒಳಗಿದ್ದು ಪರೀಕ್ಷೆ ಪಾಸಾದವರಿಗೆ ಈ ರಾಜ್ಯದಲ್ಲಿ 90 ದಿನಗಳವರೆಗೆ ವಿಶೇಷ ಮಾಫಿ ಕೊಟ್ಟಿದ್ದಾರೆ. ಮೂರು ತಿಂಗಳು ಮುಂಚೆ ಮನೆ ಸೇರುವುದು ಅಂದರೆ ಸಣ್ಣ ಮಾತಲ್ಲ.

ಆದರೆ ಇದಕ್ಕೆಲ್ಲ ಹೆಸರು ಕೊಡಬೇಕು, ಕಾಯಬೇಕು, ಮತ್ತೆ ಕೇಳಬೇಕು. ಒಳಗೆ ಮಂಕು ಕವಿದವನು ಏನನ್ನೂ ಕೇಳುವುದಿಲ್ಲ. ಮೂಲೆಯಲ್ಲಿ ಮಲಗಿರುತ್ತಾನೆ. ಇಲ್ಲಿ ನಿಮ್ಮ ಕೆಲಸ ಇದೆ. ಈ ತಿಂಗಳು 'ಹೊಲಿಗೆಗೋ ಮರಗೆಲಸಕ್ಕೋ ಹೆಸರು ಕೊಡ್ತೀಯಾ?' ಅಂತ ಕೇಳಿ. ಮುಂದಿನ ತಿಂಗಳು 'ಕೊಟ್ಟೆಯಾ?' ಅಂತ ಕೇಳಿ. ಅಕ್ಕ ಬರುವ ತಾರೀಖು ಗೊತ್ತಿದ್ದವನು, ಆ ತಾರೀಖಿನೊಳಗೆ ಒಂದು ಉತ್ತರ ಸಿದ್ಧ ಮಾಡಿಟ್ಟುಕೊಳ್ಳುತ್ತಾನೆ. ಕಾರ್ಯಕ್ರಮ ಫಲ ಕೊಟ್ಟ ಕಡೆಯಲ್ಲೆಲ್ಲ ಹೊರಗೆ ಹೀಗೆ ಕೇಳುವ ಒಬ್ಬರು ಇದ್ದರು. ಇದು ನನ್ನ ಅನುಭವ.

ಕೆಲಸ ಹಂಚುವಾಗ ಜಾತಿ ಕೇಳಿ ಕಸ ಗುಡಿಸಲು, ಪಾಯಿಖಾನೆ ತೊಳೆಯಲು ಹಾಕಿದರೆ ಅದು ಕಾನೂನುಬಾಹಿರ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಇಂಥ ನಿಯಮಗಳನ್ನೆಲ್ಲ ರದ್ದು ಮಾಡಿದೆ. ಆ ಅರ್ಜಿ ಹಾಕಿದ್ದು ಸುಕನ್ಯಾ ಶಾಂತಾ ಅನ್ನುವ ಪತ್ರಕರ್ತೆ. ನಮ್ಮ ಕಡೆಯಿಂದ ದುಡಿಯಲು ಬಂದ ಎಷ್ಟೋ ಜನಕ್ಕೆ ಇದು ಗೊತ್ತಿರಬೇಕು.

ಕುಡಿತದ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಎರಡು ವರ್ಷದಿಂದ ಅವನು ಕುಡಿದಿಲ್ಲ, ಬಿಟ್ಟಿದ್ದಾನೆ ಅಂತ ಮನೆಯವರು ತಿಳಿಯುತ್ತಾರೆ. ಸಿಗದೇ ಇರುವುದು ಬೇರೆ, ಬಿಡುವುದು ಬೇರೆ. ಹೊರಗೆ ಬಂದ ಮೊದಲ ವಾರವೇ ಹಳೆಯ ಗೆಳೆಯರು ಖುಷಿಗೆ ಅಂತ ಕರೆಯುತ್ತಾರೆ. ಒಳಗಿನ ಕೌನ್ಸೆಲರ್ ಹತ್ತಿರ ಕುಡಿತದ ವಿಷಯ ತಾನಾಗಿ ಎತ್ತಲು ಹೇಳಿ. ಹೊರಗೆ ಬಂದ ಮೇಲೆ ದೂರ ಹುಡುಕಬೇಕಾಗಿಲ್ಲ. 1986ರಲ್ಲಿ ಶುರುವಾದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಅದೇ ಯರವಾಡದಲ್ಲಿದೆ. ಈಗಲೇ ಒಮ್ಮೆ ನೀವು ಹೋಗಿ ನೋಡಿ ಬನ್ನಿ.

ಹೊಡೆಸಿಕೊಂಡವರಿಗೂ ಒಂದು ಮನೆ ಇದೆ, ತಂಗಿ. ಅವರನ್ನು ಹುಡುಕಿಕೊಂಡು ಹೋಗಿ ರಾಜಿ ಮಾತಾಡಬೇಡಿ, ಅದು ಅವರಿಗೆ ಬೆದರಿಕೆಯ ಹಾಗೆ ಕೇಳಿಸಬಹುದು, ಕೇಸಿಗೂ ಕೆಡುಕು. ಆದರೆ ತಮ್ಮ ಯಾವತ್ತಾದರೂ ಆ ರಾತ್ರಿಯ ಬಗ್ಗೆ ಮಾತು ತೆಗೆದರೆ 'ಆಗಿದ್ದು ಆಯಿತು ಬಿಡು' ಅಂತ ಬಾಯಿ ಮುಚ್ಚಿಸಬೇಡಿ. ಕೇಳಿ. ಅವನು ಆ ಮನುಷ್ಯನ ಹೆಸರು ಹಿಡಿದು 'ಅವನು ಈಗ ಹೇಗಿದ್ದಾನೋ' ಅಂತ ಕೇಳಿದ ದಿನ, ಒಳಗೆ ಏನೋ ಬದಲಾಗುತ್ತಿದೆ ಅಂತ ನೀವು ನಂಬಬಹುದು.

ಈಗ ಅವ್ವ. ದುಬೈ ಅನ್ನುವ ಸುಳ್ಳು ಅವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ, ಯಾಕೆ ಅಂತ ಕೇಳಿ. ಮಹಾರಾಷ್ಟ್ರದಲ್ಲಿ ಫರ್ಲೋ ಮತ್ತು ಪೆರೋಲ್ ನಿಯಮಗಳಿವೆ. ಶಿಕ್ಷೆಯ ಒಂದು ಭಾಗ ಮುಗಿಸಿ ನಡತೆ ಚೆನ್ನಾಗಿದ್ದವನು ಫರ್ಲೋ ಮೇಲೆ ಕೆಲವು ದಿನ ಮನೆಗೆ ಬರಬಹುದು. ಫರ್ಲೋದ ದಿನಗಳು ಶಿಕ್ಷೆಯಲ್ಲೇ ಲೆಕ್ಕ ಆಗುತ್ತವೆ. ಪೆರೋಲ್ ಹಾಗಲ್ಲ, ಅದು ಮನೆಯಲ್ಲಿ ಸಾವು, ಮದುವೆ, ದೊಡ್ಡ ಕಾಯಿಲೆ ಅಂತ ನಿರ್ದಿಷ್ಟ ಕಾರಣಕ್ಕೆ ಸಿಗುವುದು, ಆ ದಿನಗಳನ್ನು ಆಮೇಲೆ ತುಂಬಿಕೊಡಬೇಕು. ಎರಡರಲ್ಲೂ, ಅವನು ಎಲ್ಲಿ ಇರುತ್ತಾನೋ ಅಲ್ಲಿನ ಪೊಲೀಸ್ ಠಾಣೆಯಿಂದ ವರದಿ ತರಿಸುತ್ತಾರೆ. ಅಫಜಲಪುರದ ಮನೆಯ ವಿಳಾಸ ಕೊಟ್ಟರೆ ಒಂದು ದಿನ ಪೊಲೀಸಿನವರು ಬಂದು ಅಂಗಳದಲ್ಲಿ ನಿಂತು 'ಜೈಲಿನಲ್ಲಿರೋ ನಿಮ್ಮ ಮಗ...' ಅಂತ ಶುರು ಮಾಡುತ್ತಾರೆ. ಅವ್ವನಿಗೆ ಅದು ಪೊಲೀಸರ ಬಾಯಿಂದ, ಓಣಿಯವರ ಎದುರಿಗೆ ಗೊತ್ತಾಗುವುದು ಬೇಡ. ನೀವೇ ಹೋಗಿ ಹೇಳಿ. ಫೋನಿನಲ್ಲಿ ಬೇಡ. ಎರಡು ದಿನ ಅಲ್ಲೇ ಇರುವ ಹಾಗೆ ಹೋಗಿ. ಬೈಯಲಿ, ಅಳಲಿ. ಆಮೇಲೆ ವಿಡಿಯೋ ಮುಲಾಖತ್ತಿನಲ್ಲಿ ಮಗನ ಮುಖ ತೋರಿಸಿ. ಎಷ್ಟೋ ತಾಯಂದಿರು ನನಗೆ ಹೇಳಿದ್ದು ಒಂದೇ ಮಾತು, 'ಮೊದಲೇ ಯಾಕೆ ಹೇಳಲಿಲ್ಲ?'

ಫರ್ಲೋಗೆ ಜಾಮೀನುದಾರರಾಗಿ ಮನೆಯವರೊಬ್ಬರು ಬೇಕು. ಆ ಕೆಲಸವನ್ನು ಯೋಚಿಸಿ ಒಪ್ಪಿಕೊಳ್ಳಿ. ವಾಪಸು ಹೋಗಬೇಕಾದ ದಿನ ಅವನು ಗೇಟಿನಲ್ಲಿ ಇರಲೇಬೇಕು. ಒಂದು ದಿನ ತಡವಾದರೂ ಮಾಫಿ ಕಡಿತ, ಮುಂದಿನ ಫರ್ಲೋಗೆ ಅಡ್ಡಿ, ತಲೆಮರೆಸಿಕೊಂಡರೆ ಹೊಸ ಕೇಸು. 'ಜಾತ್ರೆ ಮುಗಿಸಿಕೊಂಡು ಹೋಗು, ಎರಡು ದಿನ ಏನಾಗುತ್ತದೆ' ಅನ್ನುವ ಕಾಕಾ, ಮಾವ ಎಲ್ಲ ಮನೆಯಲ್ಲೂ ಇರುತ್ತಾರೆ. ಅವರ ಮಾತು ನಡೆಯಬಾರದು. ಹೇಳಿದ ದಿನ ವಾಪಸು ಬರುವವನಿಗೆ ಮುಂದೆ ಖುಲಾ ಜೈಲಿನ ದಾರಿಯೂ ತೆರೆದುಕೊಳ್ಳುತ್ತದೆ. ಯರವಾಡದಲ್ಲೇ ಅಂಥ ತೆರೆದ ಜೈಲು ಇದೆ. ಹೊಲದಲ್ಲಿ ಕೆಲಸ, ಮಾಫಿಯೂ ಜಾಸ್ತಿ. ನೀವು ಎರಡು ವರ್ಷ ತಾರೀಖು ತಪ್ಪದೆ ಬಂದಿದ್ದರೆ, 'ನಾನು ಬಂದೆ, ಈಗ ನೀನು ಹೋಗು' ಅಂತ ಹೇಳುವ ಬಲ ನಿಮಗೆ ಮಾತ್ರ ಇರುತ್ತದೆ.

ಐದು ವರ್ಷದ ಮಗಳಿಗೂ ಸುಳ್ಳು ಬೇಡ. ಮಕ್ಕಳಿಗೆ ದೊಡ್ಡವರ ಪಿಸುಮಾತು ಬಲು ಬೇಗ ಕೇಳಿಸುತ್ತದೆ. 'ಅಪ್ಪ ಸಿಟ್ಟಿನಲ್ಲಿ ಒಬ್ಬರಿಗೆ ನೋವು ಮಾಡಿದರು. ಅದಕ್ಕೆ ಒಂದು ದೊಡ್ಡ ಮನೆಯಲ್ಲಿ ಇರಬೇಕು ಅಂತ ಕೋರ್ಟು ಹೇಳಿದೆ. ಅಪ್ಪನಿಗೆ ನೀನಂದರೆ ಪ್ರೀತಿ. ನಾವು ನೋಡಲು ಹೋಗೋಣ.' ಇಷ್ಟು ಸಾಕು. ಮಹಾರಾಷ್ಟ್ರದ ಜೈಲುಗಳಲ್ಲಿ 'ಗಳಾಭೇಟ್' ಅಂತ ಒಂದು ಕಾರ್ಯಕ್ರಮ ಆಗಾಗ ಇಡುತ್ತಾರೆ. ಗಾಜು, ಜಾಲರಿ ಇಲ್ಲದೆ ಮಕ್ಕಳು ಅಪ್ಪ ಅಮ್ಮನನ್ನು ಅಪ್ಪಿಕೊಳ್ಳಬಹುದು, ತೊಡೆಯ ಮೇಲೆ ಕೂರಬಹುದು. ಮುಂದಿನದು ಯಾವಾಗ ಅಂತ ಕೇಳಿ ಹೆಸರು ಕೊಡಿಸಿ. ಗಾಜಿನ ಆಚೆ ಅಪ್ಪನನ್ನು ಮೊದಲ ಸಲ ನೋಡಿದ ಮಗು ಹೆದರುತ್ತದೆ. ಹಾಗಾಗಿ ಸಾಧ್ಯವಾದರೆ ಮೊದಲ ಭೇಟಿ ಗಳಾಭೇಟ್ ಆಗಲಿ.

ಶಿಕ್ಷೆ ಇನ್ನೂ ಆಗದ, ವಿಚಾರಣೆಯಲ್ಲೇ ಒಳಗಿರುವವರ ಮನೆಯವರೂ ಇದನ್ನು ಓದುತ್ತಿರಬಹುದು. ನಮ್ಮ ದೇಶದ ಜೈಲುಗಳಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಮೂವರು ಅಂಥವರೇ. ಊರಿನ ಹೊಲದ ಪಹಣಿ ಪುಣೆಯಲ್ಲಿ ಜಾಮೀನಿಗೆ ನಡೆಯುವುದಿಲ್ಲ ಅಂತ ಯಾರಾದರೂ ಹೇಳಿದರೆ ವಕೀಲರಿಗೆ 1978ರ ಮೋತಿರಾಮ್ ತೀರ್ಪು ನೆನಪಿಸಿ. ಬೇರೆ ಜಿಲ್ಲೆಯ ಜಾಮೀನುದಾರ ಅನ್ನುವ ಕಾರಣಕ್ಕೆ ತಳ್ಳಿಹಾಕಬಾರದು ಅಂತ ಅದರಲ್ಲಿದೆ. ಸ್ಥಳೀಯ ಜಾಮೀನಿಗೆ ಪಟ್ಟು ಹಿಡಿಯುವುದು ಬಿಡುಗಡೆ ತಡ ಮಾಡುತ್ತದೆ ಅಂತ 2023ರಲ್ಲೂ ಸುಪ್ರೀಂ ಕೋರ್ಟು ಹೇಳಿದೆ. ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಇರುವ ಆರೋಪಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದು ಅನ್ವಯಿಸದು. ಮುಂಬೈ ಕಡೆಯವರಾದರೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' 1990ರಿಂದ ಕೈದಿಗಳ ಜೊತೆ ಕೆಲಸ ಮಾಡುತ್ತಿದೆ, ಅವರನ್ನು ಕಾಣಿ.

ಬಿಡುಗಡೆಯ ತಯಾರಿ ಈಗಿಂದಲೇ ಮಾಡಿ. ಅವನ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಒಂದು ಚೀಲದಲ್ಲಿ ಇಡಿ. ಎರಡು ವರ್ಷ ವಹಿವಾಟು ಇಲ್ಲದಿದ್ದರೆ ಬ್ಯಾಂಕ್ ಖಾತೆ ನಿಷ್ಕ್ರಿಯ ಆಗುತ್ತದೆ, ಆದ್ದರಿಂದ ಆಗಾಗ ನೂರು ರೂಪಾಯಿ ಹಾಕಿ. ಅವನ ಫೋನ್ ನಂಬರಿಗೆ ರೀಚಾರ್ಜ್ ಮಾಡಿಸುತ್ತಿರಿ. ಬಿಟ್ಟರೆ ಆ ನಂಬರು ಬೇರೆ ಯಾರಿಗೋ ಹೋಗುತ್ತದೆ, ಆಧಾರಿಗೆ ಜೋಡಿಸಿದ್ದು ಅದೇ ಆಗಿದ್ದರೆ ಒಟಿಪಿ ಬರದೆ ಎಲ್ಲ ಕೆಲಸ ನಿಲ್ಲುತ್ತದೆ. ಹೊರಬಂದ ದಿನ ಕೈಯಲ್ಲಿ ಒಂದು ಗುರುತಿನ ಚೀಟಿ ಇಲ್ಲದೆ ಕಾಂಟ್ರಾಕ್ಟರ್ ಗೇಟಿನಿಂದ ವಾಪಸು ಬಂದವರನ್ನು ನೋಡಿದ್ದೇನೆ.

ಮನುಷ್ಯನಾಗಿ ಹೊರಗೆ ಬರುತ್ತಾನಾ ಅಂತ ಕೇಳಿದಿರಿ. ಭರವಸೆ ಕೊಡುವ ಹಕ್ಕು ನನಗಿಲ್ಲ. ಅಕ್ಕನ ಸುಸ್ತು ನೋಡಲಾರದೆ ಬರಬೇಡ ಅನ್ನುವ ಹುಡುಗನೊಳಗೆ ಮನುಷ್ಯ ಇನ್ನೂ ಇದ್ದಾನೆ ಅಂತ ಮಾತ್ರ ನನಗೆ ಅನ್ನಿಸುತ್ತದೆ. ನಿಮಗೂ ಭಾರ ಜಾಸ್ತಿ ಆದಾಗ, ರಾತ್ರಿ ನಿದ್ದೆ ಬಾರದಾಗ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ಆರೋಗ್ಯದ ಸಹಾಯವಾಣಿ, ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಈ ಸೋಮವಾರ ಶಿವಾಜಿನಗರ ಕೋರ್ಟಿಗೆ ಹೋಗಿ ಅಪೀಲಿನ ಕೆಲಸ ಶುರು ಮಾಡಿ. ಅದು ಆದ ಮೇಲೆ ಊರಿಗೆ ಟಿಕೆಟ್ ತೆಗೆಸಿ. ಸೋಲಾಪುರಕ್ಕೆ ರೈಲು, ಅಲ್ಲಿಂದ ಬಸ್ಸು. ಅವ್ವನನ್ನು ಕಂಡು ಬಂದ ಮೇಲಿನ ಮುಲಾಖತ್ತಿನಲ್ಲಿ ತಮ್ಮ ಮತ್ತೆ ಬರಬೇಡ ಅಂದರೆ ವಾದ ಮಾಡಬೇಡಿ. ಮುಂದೆ ಯಾವ ದಿನ ಬರುತ್ತೀರಿ ಅಂತ ಹೇಳಿ, ಅವನ ಬಾಯಿಂದಲೂ ಆ ತಾರೀಖು ಒಮ್ಮೆ ಹೇಳಿಸಿ ಬನ್ನಿ.